ಮೈಮೇಲಿನ ಹೊಲಿಗೆ

ಕಲಾಮಂದಿರದ ಹಿಂಬಾಗಿಲಿಗೆ ಕರೆಸಿದರು,
ಸೂಜಿ, ಬಿಳಿ ದಾರದುಂಡೆ ತಗೊಂಡು ಬಾ ಅಂತ.
ನಂಜುಮಳಿಗೆಯಲ್ಲಿ ಸೀರೆಗೆ ಫಾಲ್ಸು ಹಚ್ಚಿ ಬದುಕುವವಳು,
ಥಾಯ್ ದೇಶದ ಹನುಮಂತನಿಗೆ ಏನು ಹೊಲಿಯಲಿ?

ಹೆಸರು ಅನುಚಿತ್ ಅಂದ.
ನಕ್ಕುಬಿಟ್ಟೆ. ಯಾಕೆಂದು ಅವನಿಗೆ ಹೇಗೆ ಹೇಳುವುದು?

ಗ್ರೀನ್ ರೂಮಿನ ಹೊರಗೆ ಉಗುರು ಕುಣಿತದ ಹುಡುಗಿಯರು,
ಬೆರಳಿಗೊಂದು ಗೇಣುದ್ದದ ಹಿತ್ತಾಳೆ ಉಗುರು,
ಕಾಫಿ ಲೋಟ ಹಿಡಿಯಲಾಗದೆ ನಿಂತಿದ್ದರು.
ವಾಚ್‌ಮನ್ ಚಿಕ್ಕಮಾದು ಒಬ್ಬೊಬ್ಬರಿಗೇ ಕುಡಿಸುತ್ತಿದ್ದ,
ಮದರಂಗಿ ಹಾಕಿಸಿಕೊಂಡ ಮಗಳಿಗೆ ಕುಡಿಸಿದ ಹಾಗೆ.

ಅಂಗಿಗೆ ಗುಂಡಿಯಿಲ್ಲ, ಕೊಕ್ಕೆಯಿಲ್ಲ.
ತೊಟ್ಟ ಮೇಲೆ ಮೈಮೇಲೇ ಹೊಲಿಯಬೇಕಂತೆ,
ಕುಣಿದು ಬಂದ ಮೇಲೆ ಕತ್ತರಿಸಬೇಕಂತೆ.

ಕೈ ತಡೆಯಿತು.
ತೊಟ್ಟ ಬಟ್ಟೆಗೆ ಸೂಜಿ ಹಾಕಬಾರದು, ದರಿದ್ರ,
ಹಾಕಲೇಬೇಕಾದರೆ ಬಾಯಲ್ಲಿ ಕಡ್ಡಿ ಕಚ್ಚಿಕೋ ಅಂತ
ಅವ್ವ, ಸ್ಕೂಲಿಗೆ ಹೊರಟ ನನ್ನ ಗುಂಡಿ ಹಾಕುವಾಗ
ಪೊರಕೆ ಕಡ್ಡಿ ತುರುಕುತ್ತಿದ್ದಳು.

ಕಂಕುಳಿಂದ ಸೊಂಟದವರೆಗೆ ಹೊಲಿದೆ.
ಉಸಿರು ಬಿಡು ಅಂದೆ, ಬಿಟ್ಟ. ಭಾಷೆ ಬೇಕಾಗಲಿಲ್ಲ.
ಒಂದು ಸಲ ಚುಚ್ಚಿತು. ಸುಮ್ಮನಿದ್ದ.

ಆಮೇಲೆ ಬಿಳಿ ಮುಖವಾಡ ಮಗುಚಿ ಒಳಗೆ ತೋರಿಸಿದ:
ತೊಗಲಿನ ಸಣ್ಣ ಪಟ್ಟಿ, ಅದರ ತುಂಬ ಹಲ್ಲಿನ ಗುರುತು.
ಅದನ್ನು ಕಚ್ಚಿಯೇ ಕುಣಿಯುವುದಂತೆ.
ಮಾತೆಲ್ಲ ಪಕ್ಕದಲ್ಲಿ ಕೂತವರ ಪಾಲು.

ಅವ್ವಾ,
ಕಡ್ಡಿ ಇತ್ತು.

ಪರದೆಯ ಸಂದಿಯಲ್ಲಿ ಕತ್ತರಿ ಹಿಡಿದು ನಿಂತೆ.
ಹಸಿರು ಮುಖದ ರಾವಣನನ್ನು ನೋಡಲಿಲ್ಲ, ಲಂಕೆ ನೋಡಲಿಲ್ಲ,
ಅವನು ಲಾಗ ಹಾಕಿದಾಗಲೆಲ್ಲ
ಎಡ ಪಕ್ಕೆಯ ಆ ನಾಲ್ಕು ಹೊಲಿಗೆ.