ಹಸಿ ಅಲ್ಲ

ಶೀಗಿ ಹುಣ್ಣಿಮೆ ಮುಗಿದ ಮೊದಲ ಐತವಾರ.
ಬೆಳಗಿನ ಆರಕ್ಕೇ ಬೀದರಿನ ರೈತರ ಸಂತೆ,
ಗೋಣಿತಟ್ಟಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ.
ನನಗೆ ಊರುಗಳು ಗೊತ್ತಿರುವುದು ನಂಬರಿನಿಂದ.
ಹದಿನೇಳು ವರ್ಷ ಸರ್ವೆ ಆಫೀಸಿನಲ್ಲಿ
ನಕಾಶೆ ಬಿಡಿಸಿ ಮಡಚಿ, ಮಡಚಿ ಬಿಡಿಸಿದವಳು.
ಇಲ್ಲಿ ಮಾತ್ರ ಅವೇ ಊರುಗಳು
ಬೇರಿಗಂಟಿದ ಮಣ್ಣಾಗಿ ಬಂದು ಕೂತಿರುತ್ತವೆ:
ಮೂಲಂಗಿಗೆ ಕಪ್ಪು ಹತ್ತಿದ್ದರೆ ಭಾಲ್ಕಿ ಕಡೆಯ ಎರೆ,
ಗೆಣಸಿನ ಮೈ ಕೆಂಪಗಿದ್ದರೆ ಇಲ್ಲೇ ಮೇಲಿನ ದಿಬ್ಬ.

ಪುಂಡಿಪಲ್ಯ ಎರಡು ಸಿವುಡು.
"ದಂಟು ಕೆಂಪಿದ್ದದ್ದೇ ಹುಳಿ," ಮಹಬೂಬಬೀಯ ಮಾತು.
ಹೀರೇಕಾಯಿ ಮುರಿದು ನೋಡಹೋದರೆ
"ಅದನ್ನ ಮುರೀಬ್ಯಾಡ್ರಿ ಬಾಯಾರ, ನನ್ ಮಾತು ಮುರದ್ಹಾಂಗ."
ಸೀತಾಫಲ ಕಲ್ಲಿನಂತಿವೆ, ಕಣ್ಣು ಬಿಟ್ಟಿಲ್ಲ,
ಜೋಳದ ಡಬ್ಬಿಯಲ್ಲಿ ಹುಗಿದಿಡಬೇಕು.

ಇನ್ನು ಅಲ್ಲ.
ಅಲ್ಲ ಎಂದರೆ ನಮ್ಮಲ್ಲಿ ಶುಂಠಿ.
ಮೈಸೂರು ಸೀಮೆಯ ನಮ್ಮ ಸಾಹೇಬರಿಗೆ
ಇದು ತಿಳಿಯಲು ಒಂದು ವರ್ಷ ಹಿಡಿಯಿತು.
"ಇದೇನ್ರೀ?"
"ಅಲ್ಲ ರೀ."
"ಅಲ್ಲ, ಏನು ಅಂತ?"
"ಅಲ್ಲನೇ ರೀ!"

ಪ್ರಯಾಗಬಾಯಿಯ ತಕ್ಕಡಿಯಲ್ಲಿ ಎಳೆ ಅಲ್ಲ,
ಎಣ್ಣೆ ಹಚ್ಚಿ ಎರೆದ ಕೂಸಿನ ಬೆರಳ ಹಾಗೆ
ತುದಿಗಳು ಗುಲಾಬಿ.
ತೂಗುತ್ತ ತೂಗುತ್ತ ಆಕೆ ತಲೆಯೆತ್ತಿದಳು:
"ಹೋದ ಬ್ಯಾಸಗಿಗಿ ಸರಪಳಿ ಹಿಡ್ಕೊಂಡು
ನಮ್ಮ ಹೊಲಕ್ಕ ಬಂದಾಕಿ ನೀವೇ ಅಲ್ಲೇನ್ರಿ?"
ನಾನು ಚೀಲದೊಳಗೆ ಏನೋ ಹುಡುಕಿದೆ.

ಬಂದವಳು ನಾನೇ. ನಂಬರು ನೂರಾ ಹನ್ನೆರಡು,
ಎರಡು ಎಕರೆ ಹದಿನಾಲ್ಕು ಗುಂಟೆ,
ಅಕ್ಕನಿಗಿಷ್ಟು, ತಮ್ಮನಿಗಿಷ್ಟು.
ಬಾಂದಗಲ್ಲು ನೆಡುವಾಗ
ಅವರಿಬ್ಬರೂ ಕಲ್ಲನ್ನೇ ನೋಡುತ್ತಿದ್ದರು.
ಪಂಚರು ಸಹಿ ಮಾಡಿದರು,
ನಾವು ಅವರದೇ ಬಾವಿಯ ನೀರು ಕುಡಿದು
ಜೀಪು ಹತ್ತಿದೆವು.

ಈಗ ಎದುರು ಸಾಲಿನಲ್ಲಿ ಅವನೂ ಇದ್ದಾನೆ, ವೈಜಿನಾಥ.
ಅದೇ ಅಲ್ಲ, ಅದೇ ಗುಲಾಬಿ,
ಅದೇ ಕೆಂಪು ಮಣ್ಣು ಮೊಣಕೈ ತನಕ.
ಅಕ್ಕ ಎಂಬತ್ತೆಂದರೆ ಅವನದು ಎಪ್ಪತ್ತೈದರ ಕೂಗು.
ನಡುವಿನ ಹಾದಿ
ನಾನೆಳೆದ ಗೆರೆಗಿಂತ ತುಸುವೇ ಅಗಲ.

ಆಕೆಯ ಹತ್ತಿರ ಕಾಲು ಕಿಲೋ ಕೊಂಡೆ.
ದಾಟಿ ಹೋಗಿ ಅವನ ಹತ್ತಿರವೂ ಕಾಲು ಕಿಲೋ.
ಅವನು ಗುರುತು ಹಿಡಿಯಲಿಲ್ಲ,
ಅಥವಾ ಹಿಡಿದು ಸುಮ್ಮನಾದ.
ಚೀಲದೊಳಗೆ ಇಣುಕಿ, "ಎಷ್ಟಕ್ಕ ಕೊಟ್ಟಾಳ?"
"ಎಂಬತ್ತು."
"ಕೊಡ್ಲಿ ಬಿಡ್ರಿ. ಆಕಿದು ಚೊಲೊ ಅದ,
ನೆರಳಿನ ಕಡೀದು, ನಾರಿಲ್ಲ."
ಹೇಳಿ, ಕೊಸರಿಗೆಂದು
ಎರಡು ಬೆರಳು ಹೆಚ್ಚು ಹಾಕಿದ.

ಆಟೋದಲ್ಲಿ ನೆನಪಾಯಿತು:
ಮಾವಿನ ಮರ ಇವನ ಹಿಸ್ಸೆಗೆ ಬಂದಿತ್ತು.
ಮಧ್ಯಾಹ್ನ ತಿರುಗಿದ ಮೇಲೆ ಅದರ ನೆರಳು
ಬಾಂದಗಲ್ಲು ದಾಟಿ ಆಕೆಯ ಸಾಲಿಗೆ ಬೀಳುತ್ತದೆ.
ಅದನ್ನು ಬರೆಯಲು ನಕಾಶೆಯಲ್ಲಿ ಕಾಲಮ್ಮಿಲ್ಲ.
ಮರವನ್ನು ಅವನು ಕಡಿಸಿಲ್ಲ.

ಮನೆಯಲ್ಲಿ ಬುಟ್ಟಿ ಸುರುವಿ ತೊಳೆದೆ,
ಮೊದಲು ಕಪ್ಪು ನೀರು, ಆಮೇಲೆ ಕೆಂಪು,
ಕಡೆಗೆ ಮೋರಿಯಲ್ಲಿ ಎರಡೂ ಕೂಡಿ ಚಹದ ಬಣ್ಣ.
ತೊಗರಿಬೇಳೆ, ಜೋಳದ ನುಚ್ಚು, ಪುಂಡಿಯ ಎಲೆ
ಒಂದೇ ಪಾತ್ರೆಯಲ್ಲಿ ಕುದ್ದು
ಕಡಗೋಲಿಗೆ ಶರಣಾದವು.
ಅಲ್ಲದ ಚಟ್ನಿಗೆ ಹುಣಸೆ, ಬೆಲ್ಲ, ಒಣಮೆಣಸು.
ಒರಳಿಗೆ ಹಾಕುವ ತನಕ ಎರಡೂ ಪೊಟ್ಟಣ
ಬೇರೆ ಬೇರೆ ಇಟ್ಟಿದ್ದೆ. ಯಾಕೋ ಏನೋ.
ನಾರು ಹುಡುಕಿದೆ, ಸಿಗಲಿಲ್ಲ.
ಯೋಚನೆ ಎಲ್ಲೋ ಇದ್ದು
ಬೆಳ್ಳುಳ್ಳಿ ಒಗ್ಗರಣೆ ತುಸು ಸೀದಿತು.
ಸೀದ ಬೆಳ್ಳುಳ್ಳಿಯನ್ನೇ ಮೊದಲು ತಿಂದೆ,
ರೊಟ್ಟಿ ಮುರಿದು, ನಿಂತಲ್ಲೇ.

ಒಂದು ಗಂಟು ಉಳಿಯಿತು, ಅಕ್ಕನದೋ ತಮ್ಮನದೋ.
ಇದು ನೆಡುವ ಕಾಲವಲ್ಲ, ಗೊತ್ತು.
ಆದರೂ ಹಿತ್ತಲ ಒಡಕು ಬಕೆಟ್ಟಿನ ಮಣ್ಣಿಗೆ ಹುಗಿದು
ಪಕ್ಕದ ಮನೆಯ ನುಗ್ಗೆಯ ನೆರಳು
ಎಲ್ಲಿಯ ತನಕ ಬರುತ್ತದೆಂದು ನೋಡಿ
ಬಕೆಟ್ಟನ್ನು ಗೋಡೆಯ ಕಡೆಗೆ
ಒಂದು ಗೇಣು ಎಳೆದೆ.