‘ಕ’ ಒತ್ತಿದರ

‘ಕ’ ಒತ್ತಿ ಕೈ ತಗದು
ಚಾದ ಕಪ್ಪು ಎತ್ತಿ ಒಂದು ಗುಟುಕು ಕುಡದು ಕೆಳಗಿಟ್ಟೆ.
ಆಮ್ಯಾಲೆ ಬಂತು ಪರದೆ ಮ್ಯಾಲೆ, ‘ಕ’.
ಕೊಂಬಿನ್ನೂ ದಾರ್ಯಾಗ ಐತಿ.

ಬೆಟಗೇರಿ ರಸ್ತೆದಾಗ ಕಿಲ್ಲೇದಾರರ ಪ್ರೆಸ್ಸು.
ಹೊರಗಿಂದು ಲಿನಕ್ಸು,
ಅದರ ಹೊಟ್ಟ್ಯಾಗ ಇಲ್ಲದ ಒಂದು ಮಷಿನ್ನು, ಹಳೇ ವಿಂಡೋಸು;
ಯಾಕಂದ್ರ ಇಪ್ಪತ್ತೊಂದು ವರ್ಷದ ಲಗ್ನಪತ್ರಿಕಿ, ತೊಟ್ಲದ ಕಾರ್ಡು,
ಪಂಚಾಯ್ತಿ ರಸೀದಿ ಪುಸ್ತಕ,
ಎಲ್ಲಾ ಒಂದ ಹಳೇ ಫಾಂಟಿನ್ಯಾಗ ಅದಾವು.
ಬ್ಯಾರೆ ಕಡೆ ತಗದ್ರ
‘ಶ್ರೀ’ ಹೋಗಿ ಚೌಕ, ಚುಕ್ಕಿ, ಡಾಲರಿನ ಗುರುತು.

ನಾಳೆ ಹನ್ನೊಂದಕ್ಕ ಅಬ್ಬಿಗೇರಿಯವರು ಬರ್ತಾರ,
ಎಂಟನೂರು ಪತ್ರಿಕಿ.
ಚಿ. ಸೌ. ಆಗೇತಿ, ಕುಸುಮಾ ಆಗಬೇಕು.

ಮೊದಲ ಸಂಶೆ ಮೆಮರಿ ಮ್ಯಾಲೆ.
ಎರಡು ಜಿಬಿ ಇದ್ದದ್ದು ನಾಕು ಮಾಡಿದೆ.
ಉಂಡೆದ್ದವಗ ಹೋಳಿಗಿ ಬಡಿಸಿದಂಗಾತು,
ಮುಟ್ಟಲಿಲ್ಲ.
ಡಿಸ್ಕು ನೋಡಿದೆ. ಅದು ಕೆಲಸ ಇಲ್ಲದ ಕೂಲಿಯವನಂಗ
ಗ್ವಾಡಿಗೆ ಆನಿಕೊಂಡು ಕುಂತಿತ್ತು.
ಏಳು ಸ್ನ್ಯಾಪ್‌ಶಾಟು, ಒಂದರ ಬೆನ್ನ ಮ್ಯಾಲೆ ಒಂದು,
ನಾನ ಇಟ್ಟದ್ದು, ಯಾಕಿಟ್ಟೆ ಅನ್ನೂದ ಮರತದ್ದು;
ಅವನ್ನ ಕೂಡಿಸೂದ್ರಾಗ ಟೇಶನ್ನಿನ್ಯಾಗ ಎರಡು ಗಾಡಿ ಕೂಗಿ ಹೋದ್ವು.
ಕಡೀಕ ‘ಟಾಪ್’ ತಗದೆ:
ಒಂದ ಹೆಸರು, ನೂರಕ್ಕ ನೂರು.
ಫ್ಯಾನು ಗಿರಣಿ ಆಗೇತಿ,
ಹಿಟ್ಟು ಮಾತ್ರ ಇಲ್ಲ.

ಮೌಲಾಸಾಬ ಅಜ್ಜಾರು ಪ್ರೂಫಿನ ಕಟ್ಟು ಹಿಡಕೊಂಡು
ಬಾಜೂಕ ಕುಂತಿದ್ರು. ಕಂಪ್ಯೂಟರ್ ಮುಟ್ಟೂದಿಲ್ಲ ಅವರು,
ಆದ್ರ ತಪ್ಪು ಅವರ ಕಣ್ಣು ದಾಟಿ ಹೋಗಿದ್ದಿಲ್ಲ ಎಂದೂ.
‘ಯವ್ವಾ, ಈ ಬಿಲ್ಲಿನ ತಾರೀಖು ನೋಡು.
ಎರಡು ಸಾವಿರದ ಹನ್ನೆರಡು, ಜನವರಿ ಒಂದು.’

ನೋಡಿದೆ.
ಮಂಗಳವಾರ ದಿನಪೂರ್ತಿ ಕರೆಂಟಿದ್ದಿಲ್ಲ.
ಗಟಾರ ಅಗಿಯಾವ್ರು ಇಂಟರ್ನೆಟ್ಟಿನ ವಾಯರ್ ಕಡದು ನಾಕು ದಿನಾತು,
ವ್ಯಾಳ್ಯಾ ಎಷ್ಟಂತ ಮಷಿನ್ನಿಗೆ ಹೇಳಾವ್ರು ಯಾರೂ ಇಲ್ಲ.
ಬೋರ್ಡಿನ ಮ್ಯಾಲಿನ ಗುಂಡಗಿನ ಸೆಲ್ಲು ಸತ್ತೇತಿ.
ಸತ್ತು, ಬಯಾಸಿಗೆ ಎಲ್ಲಾ ಮರವು:
ತಾರೀಖು ಮರವು, ನಾ ಎಂದೋ ಒತ್ತಿಟ್ಟ
ಆ ಒಂದು ಸ್ವಿಚ್ಚೂ ಮರವು.
ಹುಡುಕಿದ್ರ ಲಾಗಿನ ತಳಕ್ಕ ಒಂದ ಸಾಲು,
ಕೆವಿಎಂ ಬಂದ್ ಐತಿ, ಬಯಾಸ್ ಮಾಡೇತಿ ಅಂತ.
ಮೂರು ತಾಸಿಂದ ಅದು ಅಲ್ಲೇ ಇತ್ತು.

‘ಹಂಗಂದ್ರ ಏನಾಗೇತಿ?’
‘ಅಜ್ಜಾ, ಒಳಗಿನ ಮಷಿನ್ನಿನ ಮಾತು
ಪ್ರೊಸೆಸರಿಗೆ ನೇರ ಮುಟ್ಟವಲ್ದು.
ಒಂದೊಂದು ಮಾತೂ ಬಿಡಿಸಿ, ತಿಳಕೊಂಡು,
ಮತ್ತ ಬ್ಯಾರೆ ಕಟ್ಟಿ ಕೊಡಾಕತ್ತೇತಿ ಈ ಹೊರಗಿಂದು.’
ಸ್ವಲ್ಪ ಹೊತ್ತು ಸುಮ್ಮನಿದ್ರು.
‘ಅಂದ್ರ ಒಳಗ ಯಾರೋ
ಕೈಲೆ ಮೊಳಿ ಜೋಡಸಾಕತ್ತಾರ ಅನ್ನು.’

ಹೌದು ಅಂದೆ. ಅದಕ್ಕಿಂತ ಛಲೋ ಹೇಳಾಕ ನನಗ ಬರೂದಿಲ್ಲ.

ಬಂದ್ ಮಾಡಾಕ ಕೈ ಹಾಕಿದೆ.
‘ತಡಿ,’ ಅಂದ್ರು, ‘ಹುಡುಗಿ ಹೆಸರು ಮುಗೀಲಿ.’
ಕೊಂಬು ಬಂತು. ‘ಸು’ ಬರೂತನಕ
ಅವರ ಹೆಬ್ಬೆರಳು ತೋರುಬೆರಳಿಗೆ ತಿಕ್ಕತಿತ್ತು,
ಅಲ್ಲಿಲ್ಲದ ಸೀಸ ಹಿಡದು ತಿರುವಿ
ಗಾಳ್ಯಾಗಿನ ಕಟ್ಟಿಗೆ ಕುಂದ್ರಿಸಿದಂಗ.
‘ಮಾ’ ಬಂದ ಮ್ಯಾಲೆ ಹ್ಞೂಂ ಅಂದ್ರು.

ಬಯಾಸಿಗೆ ಹೋಗಿ ತಾರೀಖು ತಿದ್ದಿ, ಸ್ವಿಚ್ಚು ಹಚ್ಚಿದೆ.
ಈ ಸಲ ‘ಕ’ ಒತ್ತೂದ್ರಾಗ ‘ಕ’ ಇತ್ತು,
ಬೆರಳಿಗೆ ಆಧಾರ ತಪ್ಪಿ
ಇಲ್ಲದ ಮೆಟ್ಟಲಾ ಇಳದಂಗಾತು.

ಮುಂಜಾನೆ ತುಳಜಾಸಾ ಬಾಕಳೆ ಅವರ ಗಡಿಯಾರದ ಅಂಗಡಿ,
ಇನ್ನೂ ಅರ್ಧಾ ಶಟರು.
ನಲವತ್ತು ರೂಪಾಯಿ, ಚಿಲ್ಲರಿ ಇಲ್ಲ ಅಂತ ಒಂದು ಪೆಪ್ಪರಮೆಂಟು.

ತಪ್ಪು ತಾರೀಖಿನ ಬಿಲ್ಲು ಹರದು ಒಗೀಬೇಕಂದ್ರ
ಅಜ್ಜಾರು ಮಡಚಿ ಕಿಸೆದಾಗ ಇಟಗೊಂಡ್ರು.
‘ಆ ಜನವರಿಗೆ ನಮ್ಮ ಟ್ರೆಡಲ್ಲು ಇನ್ನೂ ಇಲ್ಲೇ ಇತ್ತು,’
ಅಂದು, ಪ್ರೂಫಿನ್ಯಾಗ
ಮಾವನ ಹೆಸರಿನ ಕಾಗುಣಿತ ತಿದ್ದಿದ್ರು.