ಹನ್ನೊಂದು ಬೀಜ

ನಮ್ಮದು ಗುಳೇದಗುಡ್ಡ, ಖಣ ನೇಯುವ ಮನೆ.
ಹೊಲ ಅಂದರೆ ಬಸ್ಸಿನ ಕಿಟಕಿಯಲ್ಲಿ ಹಿಂದಕ್ಕೆ ಓಡುವ ಹಸಿರು,
ಅಷ್ಟೇ ಗೊತ್ತಿದ್ದವಳು
ನಲವತ್ತೊಂದನೆಯ ವಯಸ್ಸಿಗೆ, ಬರ್ಕಾದಲ್ಲಿ,
ದವಾಖಾನೆಯ ಶಿಫ್ಟು ಮುಗಿಸಿ
ಹದಿನೇಳನೆಯ ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ.

ಜಾಗ ಖಲ್ಫಾನ್ ಅಜ್ಜನದು. ಖರ್ಜೂರದ ತೋಟವಾಗಿತ್ತು;
ಕಡಲು ನೆಲದಡಿಯಲ್ಲೇ ನಡೆದುಬಂದು
ಬಾವಿಗಿಳಿದ ಮೇಲೆ
ಮರಗಳು ಒಂದೊಂದಾಗಿ ಜುಟ್ಟು ಕಳಚಿದವು.
(ಉಪ್ಪಿಗಿಂತ ರುಚಿಯಿಲ್ಲ ಅಂದವರು
ಆ ಬಾವಿಯ ನೀರು ಕುಡಿದಿರಲಿಲ್ಲ.)
ಉಳಿದ ಮಣ್ಣನ್ನು ಇಪ್ಪತ್ತಮೂರು ತುಂಡು ಮಾಡಿ ಕೊಟ್ಟ
ಕ್ರೇನ್ ಓಡಿಸುವವನಿಗೆ, ಟೇಲರಿಗೆ, ಶಾಲೆಯ ಆಯಾಗೆ, ನನಗೆ.
ಬಾಡಿಗೆ ಇಲ್ಲ. ಕರಾರು ಒಂದೇ:
ಒಂದು ಹಿಡಿ ಬೀಜ ಒಯ್ದವರು ಎರಡು ಹಿಡಿ ತಂದುಕೊಡಬೇಕು.

ಉಪ್ಪು ಅಳೆಯಲು ಮೀಟರಿತ್ತು. ಅಜ್ಜ ನಾಲಿಗೆಯನ್ನು ನಂಬುತ್ತಿದ್ದ.
ಬೆರಳದ್ದಿ ಚೀಪಿ, ಮುಖ ಕಿವುಚಿ, ಇವತ್ತು ಬೇಡ ಅನ್ನುವನು.
ಅಂಥ ದಿನ ಏಸಿ ನೀರು ತರುತ್ತಿದ್ದೆವು,
ರಾತ್ರಿಯಿಡೀ ಬಾಲ್ಕನಿಯ ಡಬ್ಬಿಗೆ ತೊಟ್ಟಿಕ್ಕಿದ್ದು,
ಯಾರ ಯಾರದೋ ನಿದ್ದೆಯ ಬೆವರು.

ಕ್ರೇನಿನ ಮೊಫಿಜುಲ್ ಕಲಿಸಿದ:
ಬೀಜವನ್ನು ಅದರ ಎರಡರಷ್ಟು ಆಳಕ್ಕೆ ಇಡು,
ಮೇಲೆ ಗರಿ ಹಾಸು, ಮೂರು ದಿನ ಇಣುಕಬೇಡ.
ನಾನು ಎರಡನೆಯ ದಿನವೇ ಇಣುಕಿದೆ.

ನೂಲು ಕಡಿದರೆ ಗಂಟು ಹಾಕಬಲ್ಲೆ,
ಕತ್ತಲಲ್ಲೂ, ಮಾತಾಡುತ್ತಲೂ.
ಎಲೆಯಂಚು ಸುಟ್ಟುಕೊಂಡರೆ
ಗಂಟು ಎಲ್ಲಿ ಹಾಕುವುದು?

ನವೆಂಬರಿಗೆ ತಂಪಾಯಿತು. ಎಲ್ಲರಿಗೂ ಸುಖ.
ಏಸಿಗಳು ನಿಂತವು. ಡಬ್ಬಿಗಳು ಒಣಗಿದವು.
ನನ್ನ ಚವಳಿ ಹೂವುದುರಿಸಿತು.

ಲೆಕ್ಕ ಒಪ್ಪಿಸುವ ದಿನ ಬಿಸ್ಕತ್ತಿನ ಡಬ್ಬದ ಮುಂದೆ ಸಾಲು.
ಟೇಲರ್ ಬೊಗಸೆ ತುಂಬ ಮೆಂತ್ಯ ಸುರಿದ,
ಚೆಲ್ಲಿದ್ದನ್ನು ಹೆಕ್ಕಲೂ ಇಲ್ಲ.
ನನ್ನ ಅಂಗೈಯಲ್ಲಿ ಹನ್ನೊಂದು.
ಅಜ್ಜ ಎಣಿಸಿದ. ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.
ಬೇರೆಯೇ ಕಾಗದದಲ್ಲಿ ಮಡಚಿ ಮೇಲೆ ಏನೋ ಗೀಚಿದ.
ಮೊಫಿಜುಲ್ ತಡವರಿಸಿ ಓದಿದ:
"ಉಪ್ಪು ಕುಡಿದೂ ಬದುಕಿದ್ದು."

ಅಕ್ಟೋಬರಿನಲ್ಲಿ ಹೊಸಬಳು ಬಂದಳು, ಸಲೂನಿನ ನೇಪಾಳಿ ಹುಡುಗಿ,
ಉಗುರಿಗೆ ಬಣ್ಣ. ಅಜ್ಜ ಅದೇ ಪೊಟ್ಟಣ ಅವಳ ಕೈಗಿಟ್ಟು
ನನ್ನ ಕಡೆ ಗದ್ದ ಎತ್ತಿದ.
ಎಷ್ಟು ಆಳ ಅಂದಳು. ಅವಳದೇ ಉಗುರು ತೋರಿಸಿದೆ.
ಮೂರು ದಿನ ಇಣುಕಬೇಡ ಅಂದೆ.

ಇಣುಕುತ್ತಾಳೆ.